ಅಕ್ಕ ಹಾಸುತ್ತಿದ್ದ ಎರಡನೆಯ ಚಾಪೆ

ಕಳೆದ ತಿಂಗಳು ಮಂಗಳೂರಿನಿಂದ ಮೂಡುಬಿದಿರೆಗೆ ಬರುತ್ತಿದ್ದಾಗ ತೋಡಾರಿನಲ್ಲಿ ಒಬ್ಬ ಹೆಂಗಸು ಬಸ್ಸು ಹತ್ತಿ ನನ್ನ ಪಕ್ಕ ಕುಳಿತರು. ಮಡಿಲಲ್ಲಿ ಒಂದು ಬುಟ್ಟಿ, ಅದರ ಮೇಲೆ ಮಡಚಿ ಹಾಸಿದ ಹಳೆಯ ಸೀರೆಯ ತುಂಡು. ಬಸ್ಸು ರಸ್ತೆಯ ಉಬ್ಬು ಹತ್ತಿ ಇಳಿದಾಗ ಬಟ್ಟೆ ಸ್ವಲ್ಪ ಸರಿಯಿತು. ನೀರು ಚಿಮುಕಿಸಿದ ಬೀಡಿ ಎಲೆಯ ವಾಸನೆ, ಅದರ ಬೆನ್ನಿಗೇ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿಯಿತು. ಈಗ ನಮ್ಮ ಕಡೆ ಬೀಡಿ ಸುತ್ತುವವರು ಕಡಿಮೆ. ಆ ವಾಸನೆ ಸಿಗದೆ ವರ್ಷಗಳೇ ಆಗಿದ್ದವು. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ಆದರೂ ಮಡಿಲಲ್ಲಿದ್ದ ನನ್ನ ಕೈಬೆರಳುಗಳು ತಾವಾಗಿಯೇ ಮಡಚಿಕೊಂಡು ಏನನ್ನೋ ಸುತ್ತತೊಡಗಿದವು. ನಾನು ಬೀಡಿ ಸುತ್ತಲು ಯಾವತ್ತೂ ಕಲಿತವಳಲ್ಲ.

ಅಕ್ಕ ನೆನಪಾದದ್ದು ಹಾಗೆ.

ಹದಿನಾಲ್ಕು ವರ್ಷಗಳ ಹಿಂದೆ ನಾನು ಬಂಟ್ವಾಳದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಕೆಲಸ ಖಾಯಂ ಅಲ್ಲ, ವರ್ಷ ವರ್ಷಕ್ಕೆ ಮುಂದುವರಿಸುವಂಥದು. ನರಿಕೊಂಬಿನಲ್ಲಿ ನದಿಯ ಕಡೆಗೆ ಇಳಿಯುವ ದಾರಿಯಲ್ಲಿ ಒಂದು ಹಂಚಿನ ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಬಿಡಾರ ಮಾಡಿದ್ದರು. ಒಂದರಲ್ಲಿ ಮನೆಯ ಒಡತಿ, ಇನ್ನೊಂದರಲ್ಲಿ ಬಾಡಿಗೆಗೆ ನಾನು. ಆ ಗೋಡೆ ಮಾಡಿನವರೆಗೆ ಏರಿರಲಿಲ್ಲ. ಮೇಲೆ ಎರಡು ಮೊಳದಷ್ಟು ತೆರವು. ಹಾಗಾಗಿ ಅಲ್ಲಿಯ ಒಗ್ಗರಣೆ ಇಲ್ಲಿಗೆ, ಇಲ್ಲಿಯ ಕೆಮ್ಮು ಅಲ್ಲಿಗೆ. ಒಡತಿಗೆ ಅರುವತ್ತರ ಆಸುಪಾಸು. ಮದುವೆಯಾದವರಲ್ಲ. ಊರಿಗೆಲ್ಲ ಅವರು ಅಕ್ಕ, ನನಗೂ ಅಕ್ಕ. ಎಲ್ಲರೊಡನೆ ತುಳುವಿನಲ್ಲಿ ಮಾತಾಡುವವರು ನನ್ನೊಡನೆ ಮಾತ್ರ ಕನ್ನಡ ಆಡುತ್ತಿದ್ದರು. ಐದನೆಯ ಕ್ಲಾಸಿನವರೆಗೆ ಕಲಿತ ಕನ್ನಡ. ಟೀಚರ್ ಹತ್ತಿರ ತುಳುವಿನಲ್ಲಿ ಮಾತಾಡಿದರೆ ಮರ್ಯಾದೆ ಕಡಿಮೆ ಮಾಡಿದ ಹಾಗೆ ಎಂದು ಅವರ ಲೆಕ್ಕಾಚಾರ.

ಮೊದಲ ಎರಡು ವರ್ಷ ನಾನು ಅವರನ್ನು ಸರಿಯಾಗಿ ನೋಡಿದ್ದೇ ಇಲ್ಲ. ಬೆಳಿಗ್ಗೆ ಏಳಕ್ಕೆ ಮನೆಯಲ್ಲೇ ಟ್ಯೂಷನ್, ಒಂಬತ್ತಕ್ಕೆ ಶಾಲೆ, ಸಂಜೆ ಮತ್ತೆ ಟ್ಯೂಷನ್, ಭಾನುವಾರ ಶಾಲೆಗೇ ಹೋಗಿ ಉತ್ತರಪತ್ರಿಕೆಯ ಕಟ್ಟು, ರಜೆ ಸಿಕ್ಕರೆ ಊರಿಗೆ. ಸುಮ್ಮನೆ ಕೂರುವುದು ನನಗೆ ಗೊತ್ತೇ ಇರಲಿಲ್ಲ. ಚಾರ್ಮಾಡಿಯ ನಮ್ಮ ಮನೆಯಲ್ಲಿ ಅಮ್ಮನ ಹೆಜ್ಜೆ ಸದ್ದು ಕೇಳಿದರೆ ನಾವು ಮಕ್ಕಳು ಕೈಗೆ ಸಿಕ್ಕಿದ್ದನ್ನು ಹಿಡಿದು ನಿಲ್ಲುತ್ತಿದ್ದೆವು: ಪುಸ್ತಕ, ಪೊರಕೆ, ಏನಾದರೂ ಸರಿ. ಅಮ್ಮ ಬೈಯುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಒಮ್ಮೆ ನೋಡುತ್ತಿದ್ದಳು, ಅಷ್ಟೇ. ಇಪ್ಪತ್ತೊಂಬತ್ತು ವರ್ಷ ವಯಸ್ಸಾಗಿ, ಬೇರೆ ಊರಿನಲ್ಲಿ ಒಬ್ಬಳೇ ಇರುವಾಗಲೂ ಆ ನೋಟ ನನ್ನ ಬೆನ್ನ ಮೇಲಿತ್ತು.

ಆ ವರ್ಷ ಜನವರಿ ಮುಗಿಯುವ ಹೊತ್ತಿಗೆ ನನ್ನ ಸ್ವರ ಹೋಯಿತು. ಮೊದಲು ಒಡೆಯಿತು, ಆಮೇಲೆ ಗಾಳಿಯಾಯಿತು. ಒಂದು ದಿನ ಹತ್ತನೆಯ ತರಗತಿಯಲ್ಲಿ ಪದ್ಯ ಓದಲು ಬಾಯಿ ತೆರೆದರೆ ಏನೂ ಬರಲಿಲ್ಲ. ಮಕ್ಕಳು ನಗಲಿಲ್ಲ, ಹೆದರಿ ನೋಡಿದರು. ಗಂಟಲ ಡಾಕ್ಟರು ಕೊಳವೆ ಇಳಿಸಿ ನೋಡಿ, ಸ್ವರತಂತುಗಳ ಮೇಲೆ ಗಂಟಾಗಿದೆ ಎಂದರು. ಒಂದು ತಿಂಗಳು ಒಂದು ಶಬ್ದವೂ ಆಡಬಾರದು, ಪಿಸುಗುಟ್ಟಲೂಬಾರದು. ಆಡಿದರೆ ಆಪರೇಷನ್, ಆಮೇಲೆ ಸ್ವರ ಹೇಗೆ ಬರುತ್ತದೋ ಹೇಳಲಾಗದು ಎಂದರು. ಫೆಬ್ರವರಿ ಎಂದರೆ ಪ್ರಿಪರೇಟರಿ ಪರೀಕ್ಷೆಯ ತಿಂಗಳು. ಹೆಡ್ಮಾಸ್ಟರು ರಜೆಯ ಅರ್ಜಿಗೆ ಸಹಿ ಹಾಕುವಾಗ ಪೆನ್ನನ್ನು ಎರಡು ಸಲ ಮುಚ್ಚಿ ತೆರೆದರು.

ಮನೆಯಲ್ಲಿ ಮೊದಲ ಎರಡು ದಿನ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದೆ. ಮೂರನೆಯ ದಿನ ಅವೇ ಪಾತ್ರೆಗಳನ್ನು ಮತ್ತೆ ತೊಳೆದೆ. ಅಮ್ಮ ಫೋನು ಮಾಡುತ್ತಿದ್ದಳು. ಹೌದು ಎಂದಾದರೆ ಫೋನಿನ ಮೇಲೆ ಒಂದು ಸಲ, ಇಲ್ಲ ಎಂದಾದರೆ ಎರಡು ಸಲ ಬೆರಳಿನಿಂದ ತಟ್ಟುವುದು ಎಂದು ನಮ್ಮಲ್ಲಿ ಒಪ್ಪಂದವಾಗಿತ್ತು.

"ಊಟ ಆಯ್ತಾ ಮಗಾ?"

ಒಂದು ತಟ್ಟು.

"ಸುಮ್ಮನೆ ಕೂತಿದ್ದಿಯಾ?"

ನಾನು ಎರಡು ಸಲ ತಟ್ಟುತ್ತಿದ್ದೆ. ಆಮೇಲೆ ಅದು ಸುಳ್ಳಾಗಬಾರದೆಂದು ಎದ್ದು ನೆಲ ಒರಸುತ್ತಿದ್ದೆ...

ಆ ಮನೆಯ ಮಧ್ಯಾಹ್ನವನ್ನು ನಾನು ಮೊದಲ ಬಾರಿಗೆ ಕಂಡದ್ದು ಆಗಲೇ. ಹನ್ನೆರಡು ದಾಟಿದರೆ ನರಿಕೊಂಬಿನ ಆ ದಾರಿಯಲ್ಲಿ ಯಾರೂ ಇರುತ್ತಿರಲಿಲ್ಲ. ಕಾಗೆಯೂ ಇಲ್ಲ, ನಾಯಿಯೂ ಇಲ್ಲ. ಕೆಳಗೆ ನೇತ್ರಾವತಿ ಬಿಸಿಲಿಗೆ ತಗಡಿನ ಹಾಗೆ ಹೊಳೆಯುತ್ತಿತ್ತು. ನೋಡಿದರೆ ಕಣ್ಣು ನೋಯುತ್ತಿತ್ತು. ನಡು ಮಧ್ಯಾಹ್ನ ಹೊಳೆಗೆ, ಬಾವಿಗೆ ಹೋಗಬಾರದು, ಅದು ನಮ್ಮ ಹೊತ್ತಲ್ಲ ಎಂದು ಚಿಕ್ಕಂದಿನಲ್ಲಿ ಅಜ್ಜಿಯಿಂದ ಕೇಳಿದ್ದೆ. ನಂಬಿದವಳಲ್ಲ. ಆದರೆ ಆ ಮೌನಕ್ಕೆ ಒಂದು ಭಾರವಿತ್ತು. ಯಾರೋ ಉಸಿರು ಬಿಗಿಹಿಡಿದು ಕುಳಿತ ಹಾಗೆ.

ನಾಲ್ಕನೆಯ ದಿನ, ಆ ಮೌನದಲ್ಲಿ, ಗೋಡೆಯ ಆಚೆಯಿಂದ ಕತ್ತರಿಯ ಸದ್ದು ಕೇಳಿತು. ಕಿರ್ರ್... ಕಿರ್ರ್... ಬೀಡಿ ಎಲೆಯನ್ನು ಅಳತೆಯ ತಗಡಿಟ್ಟು ಕತ್ತರಿಸುವ ಸದ್ದು. ಬೆಳ್ತಂಗಡಿ ತಾಲೂಕಿನಲ್ಲಿ ಬೆಳೆದ ನನಗೆ ಅದನ್ನು ಗುರುತಿಸಲು ಕಷ್ಟವಿರಲಿಲ್ಲ. ಎಲೆಯ ತೇವದ ವಾಸನೆಯೂ ಗೋಡೆ ದಾಟಿ ಬಂತು. ಅಕ್ಕ ಕೆಲಸ ಮಾಡುತ್ತಿದ್ದಾರೆ ಎಂದುಕೊಂಡೆ. ಈ ವಯಸ್ಸಿನ ಹೆಂಗಸು ದುಡಿಯುವಾಗ ನಾನು ಕಾಲು ಚಾಚಿದ್ದೇನಲ್ಲ ಎಂದು ನಾಚಿಕೆಯಾಗಿ, ಶಾಲೆಯಿಂದ ಗುಟ್ಟಾಗಿ ತರಿಸಿಕೊಂಡಿದ್ದ ಉತ್ತರಪತ್ರಿಕೆಗಳನ್ನು ತೆಗೆದು ಕುಳಿತೆ. ಸದ್ದು ಜೋರಾಯಿತು, ನಾನು ವೇಗವಾಗಿ ತಿದ್ದಿದಂತೆಲ್ಲ ಅದೂ ವೇಗವಾದ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ನಿಂತಿತು.

ಸಂಜೆ ಅಕ್ಕ ಅಂಗಳ ಗುಡಿಸುವಾಗ ಸ್ಲೇಟಿನಲ್ಲಿ ಬರೆದು ತೋರಿಸಿದೆ: "ನೀವು ಬೀಡಿ ಸುತ್ತುತ್ತೀರಿ ಅಂತ ಗೊತ್ತಿರಲಿಲ್ಲ."

ಅಕ್ಕ ಓದಲು ಸಮಯ ತೆಗೆದುಕೊಂಡರು. ಆಮೇಲೆ ಸ್ಲೇಟನ್ನು ತಾವೇ ಸೆರಗಿನಿಂದ ಒರಸಿದರು.

"ನಾನು ಬೀಡಿ ಬಿಟ್ಟು ಐದು ವರ್ಷ ಆಯ್ತು, ಟೀಚರೇ. ಮನೆಯಲ್ಲಿ ಒಂದು ಎಲೆ ಸಹ ಇಲ್ಲ."

ಮರುದಿನ ಮಧ್ಯಾಹ್ನ ಸದ್ದು ಶುರುವಾದಾಗ ನಾನು ಎದ್ದು ಅವರ ಬಾಗಿಲಿಗೆ ಹೋದೆ. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗೆ ಮೊದಲು ಕತ್ತಲೆ. ನಿಧಾನವಾಗಿ ನೆಲ ಕಂಡಿತು. ಅಕ್ಕ ಚಾಪೆಯ ಮೇಲೆ ಅಂಗಾತ ಮಲಗಿದ್ದರು, ಅಂಗೈ ಎರಡೂ ಮೇಲ್ಮುಖವಾಗಿ. ಅವರ ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸಿತ್ತು, ತಲೆದಿಂಬು ಇಟ್ಟಿತ್ತು. ಅದು ಖಾಲಿ. ಮೂಲೆಯ ಗೋಡೆಯ ಹತ್ತಿರ, ಯಾರೂ ಇಲ್ಲದ ಕಡೆಯಿಂದ, ಕಿರ್ರ್... ಕಿರ್ರ್... ನಾನು ಹೊಸ್ತಿಲ ಹತ್ತಿರ ಬಂದಂತೆ ಸದ್ದು ತಡವರಿಸಿತು, ಮತ್ತೆ ಮುಂದುವರಿಯಿತು. ಹೊಸಬರು ಬಂದಾಗ ಕೆಲಸದವರು ತಲೆ ಎತ್ತಿ ನೋಡಿ ಮತ್ತೆ ತಗ್ಗಿಸುವ ಹಾಗೆ.

"ಬಾಗಿಲಲ್ಲಿ ನಿಲ್ಲಬೇಡಿ, ಟೀಚರೇ," ಅಕ್ಕ ಕಣ್ಣು ಮುಚ್ಚಿಕೊಂಡೇ ಹೇಳಿದರು. "ಬರುವುದಾದರೆ ಒಳಗೆ ಬನ್ನಿ. ಇಲ್ಲದಿದ್ದರೆ ಮನೆಗೆ ಹೋಗಿ ಮಲಗಿ. ನಿಂತವರನ್ನು ಕಂಡರೆ ಅವಳಿಗೆ ಮಲಗ್ಲಿಕ್ಕೆ ಆಗುವುದಿಲ್ಲ."

ನನಗೆ ಕೂಗಬೇಕೆನಿಸಿತು. ಕೂಗುವ ಹಾಗಿರಲಿಲ್ಲ. ಒಳಗೆ ಹೋಗಿ ಗೋಡೆಗೊರಗಿ ಕುಳಿತೆ. ಅಕ್ಕನ ಉಸಿರು ದೀರ್ಘವಾಗುತ್ತ ಬಂತು, ಅದರ ಜೊತೆಗೆ ಆ ಸದ್ದೂ ನಿಧಾನವಾಗುತ್ತ ಬಂದು, ಕೊನೆಗೆ ಎಲೆಯೊಂದನ್ನು ಅರ್ಧ ಕತ್ತರಿಸಿದಲ್ಲಿಗೆ ನಿಂತಿತು.

ಎರಡು ಗಂಟೆಗೆ ಅಕ್ಕ ಎದ್ದು, ಬೆಲ್ಲ ನೀರು ಕೊಟ್ಟು, ಹೇಳಿದರು. ತಂಗಿಯ ಕಥೆ. ಅಕ್ಕ ತಂಗಿ ಇಬ್ಬರೂ ಹತ್ತು ಹನ್ನೆರಡರ ವಯಸ್ಸಿನಿಂದ ಬೀಡಿ ಸುತ್ತಿದವರು. ಇದೇ ಕೋಣೆಯಲ್ಲಿ ಎದುರುಬದುರು ಕುಳಿತು, ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಬೆಳಿಗ್ಗೆಯಿಂದ ಸಂಜೆ ಸುತ್ತಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಡಲು ಹೋಗುವವರೆಗೆ. ತಂಗಿ ಎಲೆ ಕತ್ತರಿಸುವುದರಲ್ಲಿ ಜಾಣೆ. ಅವಳ ಕತ್ತರಿ ನಿಂತದ್ದನ್ನು ಯಾರೂ ಕೇಳಿರಲಿಲ್ಲವಂತೆ.

"ಆ ದಿನ ಹನ್ನೆರಡು ಗಂಟೆಗೆ ಹೇಳಿದಳು, ಅಕ್ಕ, ಎದೆ ಭಾರ ಆಗ್ತದೆ, ಸ್ವಲ್ಪ ಮಲಗ್ತೇನೆ ಅಂತ. ನಾನು ತಲೆ ಎತ್ತಲಿಲ್ಲ. ಈ ಎಲೆ ಮುಗಿಸಿ ಮಲಗು ಅಂದೆ. ಅವಳು ನನ್ನ ಮಾತು ಮೀರಿದವಳಲ್ಲ." ಅಕ್ಕ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಸ್ವಲ್ಪ ಹೊತ್ತಿಗೆ ಕತ್ತರಿ ನಿಂತಿತು. ನನಗೆ ಗೊತ್ತಾಯ್ತು, ಟೀಚರೇ. ಗೊತ್ತಾಗಲಿಲ್ಲ ಅಂತ ಎಲ್ಲರಿಗೂ ಹೇಳಿದ್ದೇನೆ, ನಿಮಗೆ ಸುಳ್ಳು ಹೇಳುವುದಿಲ್ಲ. ಕತ್ತರಿ ನಿಂತದ್ದು ಕೇಳಿತು. ನನ್ನ ಕೈ ನಿಲ್ಲಲಿಲ್ಲ. ಕಟ್ಟು ತುಂಬಲು ಇನ್ನು ಹದಿನೈದು ಬೀಡಿ ಬೇಕಿತ್ತು. ಹದಿನೈದನ್ನೂ ಸುತ್ತಿ, ನೂಲು ಕಟ್ಟಿ, ಆಮೇಲೆ ತಲೆ ಎತ್ತಿದೆ..."

ತಂಗಿ ಗೋಡೆಗೆ ಒರಗಿ ಕುಳಿತೇ ಇದ್ದಳಂತೆ, ಕತ್ತರಿಗೆ ಬೆರಳು ಸಿಕ್ಕಿಸಿಕೊಂಡೇ.

ಹದಿಮೂರನೆಯ ದಿನದ ಕ್ರಿಯೆ ಕಳೆದು ನೆಂಟರೆಲ್ಲ ಹೋದ ಮೇಲೆ, ಒಂದು ಮಧ್ಯಾಹ್ನ ಸದ್ದು ಶುರುವಾಯಿತು. ಅಕ್ಕ ಬೀಡಿ ಸುತ್ತಲು ಕುಳಿತರೆ ಅದು ನಿಲ್ಲುತ್ತಲೇ ಇರಲಿಲ್ಲ. ಕತ್ತರಿಯನ್ನು ಹೊಳೆಗೆ ಹಾಕಿದರು, ಗೆರಸೆ ಒಲೆಗೆ ಹಾಕಿದರು. ಬ್ರಾಂಚಿನಿಂದ ಹೆಸರು ತೆಗೆಸಿ, ಮಲ್ಲಿಗೆ ಬೆಳೆಸಿ ಬದುಕಿದರು. ಆದರೂ ಸದ್ದು ಇತ್ತು. ಒಂದು ದಿನ ದಣಿದು ಚಾಪೆಯ ಮೇಲೆ ಬಿದ್ದಾಗ ಅದು ಮೆಲ್ಲಗಾದದ್ದನ್ನು ಗಮನಿಸಿದರಂತೆ.

"ನಾನು ಮಲಗದೆ ಅವಳು ಹೇಗೆ ಮಲಗುವುದು? ಚಿಕ್ಕಂದಿನಿಂದ ನನ್ನನ್ನು ನೋಡಿಯೇ ಕಲಿತವಳು. ಈಗ ಇದನ್ನೂ ನನ್ನನ್ನು ನೋಡಿಯೇ ಕಲಿಯಬೇಕು. ಆದರೆ ನನಗೇ ಬರ್ತಿರಲಿಲ್ಲ ಮಾರಾಯ್ರೆ. ಮಲಗಿದರೆ ಬೆರಳು ಆಡ್ತಾ ಇತ್ತು. ಬೆರಳು ಸುಮ್ಮನಾಗ್ಲಿಕ್ಕೆ ಒಂದು ವರ್ಷ ಬೇಕಾಯ್ತು."

ಮರುದಿನದಿಂದ ನಾನು ಮಧ್ಯಾಹ್ನ ಅಲ್ಲಿಗೆ ಹೋಗತೊಡಗಿದೆ. ಯಾಕೆ ಹೋದೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಹೆದರಿಕೆ ಇತ್ತು. ಆದರೆ ಗೋಡೆಯ ಈಚೆ ಒಬ್ಬಳೇ ಕುಳಿತು ಆ ಸದ್ದು ಕೇಳುವುದಕ್ಕಿಂತ ಅಕ್ಕನ ಹತ್ತಿರ ಇರುವುದೇ ವಾಸಿ ಅನಿಸಿತ್ತು. ಅಕ್ಕ ನನಗೆ ಮೂರನೆಯ ಚಾಪೆ ಹಾಸಿಕೊಟ್ಟರು, ತಮ್ಮ ಈಚೆ ಬದಿಗೆ. ತಂಗಿಯ ಚಾಪೆ ಆಚೆ ಬದಿಗೆ.

ಮಲಗುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಬೆನ್ನು ನೆಲಕ್ಕೆ ತಾಗಿದ ಕೂಡಲೇ ಬಾಗಿಲಲ್ಲಿ ಅಮ್ಮ ನಿಂತ ಹಾಗಾಗುತ್ತಿತ್ತು. ಬೋರ್ಡಿನ ಮುಂದೆ ಖಾಲಿ ಮೇಜು, ಪಾಠವಿಲ್ಲದೆ ಕುಳಿತ ಮಕ್ಕಳು, ಪೆನ್ನು ಮುಚ್ಚಿ ತೆರೆಯುವ ಹೆಡ್ಮಾಸ್ಟರು. ನಾನು ಮಿಸುಕದೆ ಮಲಗಿರುತ್ತಿದ್ದೆ, ಆದರೂ ಮೂಲೆಯ ಕತ್ತರಿ ನಿಲ್ಲುತ್ತಿರಲಿಲ್ಲ.

"ಕೇಳ್ತಾ ಉಂಟಾ?" ಅಕ್ಕ ಮೆಲ್ಲಗೆ ಕೇಳುತ್ತಿದ್ದರು. "ಇವತ್ತು ಅದು ನಿಮ್ಮಿಂದ. ಮೈ ಮಾತ್ರ ಮಲಗಿದೆ. ನೀವು ಒಳಗೆ ಕೆಲಸ ಮಾಡ್ತಾ ಇದ್ದೀರಿ."

ಎರಡನೆಯ ವಾರ ಒಂದು ತಪ್ಪು ಮಾಡಿದೆ. ಅಕ್ಕ ನಿದ್ದೆ ಹೋದ ಮೇಲೆ ತಿದ್ದೋಣ ಎಂದು ಹತ್ತು ಉತ್ತರಪತ್ರಿಕೆಗಳನ್ನು ಚಾಪೆಯ ಕೆಳಗೆ ಇಟ್ಟುಕೊಂಡೆ. ಅಕ್ಕನ ಉಸಿರು ನಿಧಾನವಾಯಿತು, ಮೂಲೆ ಸುಮ್ಮನಾಯಿತು. ನಾನು ಮಗ್ಗುಲಾಗಿ ಪತ್ರಿಕೆ ಎಳೆದು, ಕೆಂಪು ಪೆನ್ನು ತೆರೆದೆ. ಎರಡು ಪುಟ ತಿದ್ದಿರಬೇಕು. ಕಿರ್ರ್ ಎಂದಿತು. ಮೂಲೆಯಲ್ಲಲ್ಲ. ನನ್ನ ಕಿವಿಯ ಹಿಂದೆ. ಯಾರೋ ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೆಲಸಕ್ಕೆ ಕುಳಿತ ಹಾಗೆ, ಬೆನ್ನಿಗೆ ಬಿಸಿ ತಾಗಿತು. ತಿರುಗಿ ನೋಡುವ ಧೈರ್ಯವಾಗದೆ ನನ್ನ ಕೈಯನ್ನೇ ನೋಡಿದೆ. ಪೆನ್ನು ನೆಲದ ಮೇಲಿತ್ತು. ನನ್ನ ಹೆಬ್ಬೆರಳು ತೋರುಬೆರಳುಗಳು ಉತ್ತರಪತ್ರಿಕೆಯ ಮೂಲೆಯನ್ನು ಬಿಗಿಯಾಗಿ ಸುತ್ತುತ್ತಿದ್ದವು. ತುದಿಯನ್ನು ಒಳಗೆ ಮಡಚಿ, ಒತ್ತಿ, ಬಿಟ್ಟು, ಮುಂದಿನ ಹಾಳೆಗೆ ಹೋಗುತ್ತಿದ್ದವು. ನನಗೆ ಬಾರದ ಕೆಲಸವನ್ನು ನನ್ನ ಬೆರಳುಗಳು ಬಹಳ ಚೆನ್ನಾಗಿ ಮಾಡುತ್ತಿದ್ದವು.

ಹೊರಗೆ ಓಡಿದೆ. ಬರಿಗಾಲಿಗೆ ಅಂಗಳ ಸುಟ್ಟಿತು. ಬೆರಳು ಮೂಸಿದರೆ ಹೊಗೆಸೊಪ್ಪಿನ ವಾಸನೆ.

ಸಂಜೆ ಅಕ್ಕ ಆ ಪತ್ರಿಕೆಗಳನ್ನು ತಂದುಕೊಟ್ಟರು. ಸುತ್ತಿದ ಮೂಲೆಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯಿಂದ ನೀವಿ ನೇರ ಮಾಡಿದ್ದರು.

"ಹೆದರಿದಿರಾ? ಅವಳು ಕೆಟ್ಟವಳಲ್ಲ. ಯಾರಾದರೂ ಕೆಲಸಕ್ಕೆ ಕೂತರೆ ಜೊತೆಗೆ ಕೂರ್ತಾಳೆ. ಒಬ್ಬರನ್ನೇ ದುಡಿಯಲು ಬಿಟ್ಟು ಗೊತ್ತಿಲ್ಲ ಅವಳಿಗೆ." ಮೂಲೆಯೊಂದನ್ನು ಇನ್ನೊಮ್ಮೆ ನೀವಿ ಹೇಳಿದರು, "ಎಲ್ಲರಿಗೂ ಬೇಕಾದವಳಾಗಿದ್ದಳು. ಅದೇ ಕಷ್ಟವಾದದ್ದು."

ನಾಲ್ಕು ದಿನ ಆ ಕಡೆ ಹೋಗಲಿಲ್ಲ. ಉತ್ತರಪತ್ರಿಕೆಗಳನ್ನು ಶಾಲೆಗೆ ವಾಪಸು ಕಳುಹಿಸಿದೆ. ಅರ್ಧ ತಿದ್ದಿದ ಕಟ್ಟು ಅವರ ಕಣ್ಣಿಗೆ ಬಿದ್ದಿರಬೇಕು, ಮೂರನೆಯ ವಾರದ ಶುಕ್ರವಾರ ಹೆಡ್ಮಾಸ್ಟರು ಫೋನು ಮಾಡಿದರು. "ಸೋಮವಾರದಿಂದ ಬನ್ನಿ ಟೀಚರ್. ಮಾತಾಡುವುದು ಬೇಡ, ಬೋರ್ಡಿನಲ್ಲಿ ಬರೆದರೆ ಸಾಕು. ನಿಮ್ಮನ್ನು ಮುಂದಿನ ವರ್ಷ ಸಹ ಇಟ್ಟುಕೊಳ್ಳಬೇಕು ಅಂತ ಮ್ಯಾನೇಜ್‌ಮೆಂಟಿಗೆ ನಾನು ಹೇಳಬೇಕಲ್ಲ? ನಾಳೆ ಮಧ್ಯಾಹ್ನ ಪುನಃ ಮಾಡ್ತೇನೆ. ಬರುವುದಾದರೆ ಎತ್ತಿ ಒಂದು ಸಲ ತಟ್ಟಿ." ಮಕ್ಕಳೆದುರು ನಿಂತರೆ ನಾನು ಬಾಯಿ ಬಿಡದೆ ಇರಲಾರೆ ಎಂದು ನನಗೆ ಗೊತ್ತಿತ್ತು. ಆದರೂ ತಟ್ಟುವುದೆಂದೇ ತೀರ್ಮಾನಿಸಿದೆ. ಸೀರೆಗೆ ಇಸ್ತ್ರಿ ಹಾಕಿಟ್ಟೆ.

ಶನಿವಾರ ಹನ್ನೆರಡಕ್ಕೆ ಮೊದಲೇ ಗೋಡೆಯ ಆಚೆ ಸದ್ದು ಶುರುವಾಯಿತು. ಅಷ್ಟು ವೇಗವಾಗಿ ಅದನ್ನು ಎಂದೂ ಕೇಳಿರಲಿಲ್ಲ. ನಡುವೆ ಏನೋ ಬಿದ್ದ ಶಬ್ದ. ಹೆದರಿಕೆಯನ್ನು ಮರೆತು ಓಡಿದೆ. ಅಕ್ಕ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದರು, ಮೈ ಕೆಂಡದ ಹಾಗೆ ಸುಡುತ್ತಿತ್ತು. ಪಕ್ಕದಲ್ಲಿ ಮಗುಚಿದ ನೀರಿನ ಚೆಂಬು.

"ಎಲೆ ನೆನೆಸಬೇಕು," ಎಂದರು. "ಸಂಜೆ ಬ್ರಾಂಚಿಗೆ ಕೊಡ್ಲಿಕ್ಕೆ ಉಂಟು."

ಇಲ್ಲದ ಎಲೆಯನ್ನು ಅವರ ಬೆರಳುಗಳು ಸುತ್ತುತ್ತಿದ್ದವು. ಕೋಣೆಯ ಮೂಲೆಯ ಕತ್ತರಿ ಆ ಬೆರಳುಗಳಿಗೆ ಎಲೆ ಒದಗಿಸುವಂತೆ ಅದೇ ಲಯದಲ್ಲಿ ಆಡುತ್ತಿತ್ತು. ಅವರನ್ನು ಹಿಡಿದೆತ್ತಿ, ನಡೆಸಿಕೊಂಡು ಹೋಗಿ, ಚಾಪೆಯ ಮೇಲೆ ಮಲಗಿಸಿದೆ. ಬೆಳಿಗ್ಗೆಯೇ ಎರಡು ಚಾಪೆ ಹಾಸಿದ್ದರು. ಹಣೆಗೆ ಒದ್ದೆ ಬಟ್ಟೆ ಹಾಕಿದೆ. ಜ್ವರದ ಮಾತ್ರೆ ತಂದು ನುಂಗಿಸಿದೆ. ಗಂಜಿ ಇಟ್ಟೆ. ಚೆಲ್ಲಿದ ನೀರು ಒರಸಿದೆ. ಬಟ್ಟೆ ಬದಲಿಸಿದೆ, ಮತ್ತೆ ಬದಲಿಸಿದೆ. ನಾನು ಓಡಾಡಿದಷ್ಟೂ ಕತ್ತರಿ ಹುಚ್ಚು ಹಿಡಿದ ಹಾಗೆ ಆಡಿತು, ಅಕ್ಕನ ಬೆರಳುಗಳೂ. ಅವರ ಉಸಿರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಇವರು ನನ್ನ ಕಣ್ಣೆದುರೇ ದುಡಿದು ದುಡಿದು ಹೋಗುತ್ತಾರೆ ಅನಿಸಿತು.

"ಸಾಕು ಟೀಚರೇ," ಅಕ್ಕ ನನ್ನ ಮಣಿಕಟ್ಟು ಹಿಡಿದರು. ಆ ಒಂದು ಗಳಿಗೆ ಅವರ ಕಣ್ಣು ತಿಳಿಯಾಗಿತ್ತು. "ಮಾಡುವುದು ಎಲ್ಲ ಮಾಡಿ ಆಯ್ತು. ನೀವು ಮಾಡಿದಷ್ಟು ಹೊತ್ತೂ ಅವಳು ಮಾಡ್ತಾಳೆ. ಅವಳು ಮಾಡಿದಷ್ಟು ಹೊತ್ತೂ ನಾನು... ನನಗೆ ಇವತ್ತು ಮೊದಲು ಮಲಗ್ಲಿಕ್ಕೆ ಆಗುವುದಿಲ್ಲ. ನೀವು ಮಲಗಿ."

ನನ್ನ ಚಾಪೆ ಸುರುಳಿ ಸುತ್ತಿ ಅಟ್ಟದ ಮೇಲಿತ್ತು. ತೆಗೆಯಲು ಹೋಗಲಿಲ್ಲ. ಅಕ್ಕನ ಚಾಪೆಗೂ ಖಾಲಿ ಚಾಪೆಗೂ ನಡುವೆ, ಬರಿಯ ಸಿಮೆಂಟಿನ ಮೇಲೆ ಅಂಗಾತ ಮಲಗಿದೆ. ಆಗ ಮೊಬೈಲ್ ಹೊಡೆದುಕೊಳ್ಳತೊಡಗಿತು. ನನ್ನ ಸೊಂಟದಲ್ಲೇ ಇತ್ತು. ಬೆರಳು ಅದರ ಮೇಲೆ ಹೋಯಿತು. ಒಂದು ತಟ್ಟು ಸಾಕಿತ್ತು. ಒಂದು ತಟ್ಟಿಗೆ ಮುಂದಿನ ವರ್ಷದ ಕೆಲಸ ಉಳಿಯುತ್ತಿತ್ತು.

ಹೊಡೆದು ನಿಂತಿತು. ಮತ್ತೆ ಹೊಡೆಯಿತು. ನಾನು ಕೈ ತೆಗೆದು ಪಕ್ಕಕ್ಕೆ ಇಟ್ಟೆ, ಅಂಗೈ ಮೇಲೆ ಮಾಡಿ, ಅಕ್ಕ ಇಡುವ ಹಾಗೆ. ಬಾಗಿಲಲ್ಲಿ ಅಮ್ಮ ಬಂದು ನಿಂತಳು. ನಿಲ್ಲಲಿ ಎಂದುಕೊಂಡೆ. ನೋಡಲಿ. ಮೂರನೆಯ ಸಲ ಹೊಡೆದಾಗ ಅದು ಎಲ್ಲೋ ಹೊಳೆಯಾಚೆಯ ಸದ್ದಿನಂತಿತ್ತು. ಬೆನ್ನಿನ ಕೆಳಗೆ ನೆಲ ತಣ್ಣಗಿತ್ತು. ಅಷ್ಟು ತಣ್ಣಗಿನ ನೆಲವನ್ನು ನನ್ನ ಬೆನ್ನು ಎಷ್ಟು ವರ್ಷದಿಂದ ಕೇಳುತ್ತಿತ್ತೋ... ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು, ಒರಸಲಿಲ್ಲ.

ಕತ್ತರಿ ನಿಧಾನವಾಯಿತು. ಒಂದು ಎಲೆ. ಬಹಳ ಹೊತ್ತಿಗೆ ಇನ್ನೊಂದು ಎಲೆ. ಎಡಕ್ಕೆ ಅಕ್ಕನ ಉಸಿರು ಗಂಟಲು ಬಿಟ್ಟು ಎದೆಗೆ ಇಳಿಯಿತು. ಆಮೇಲೆ ಮೂಲೆಯಿಂದ ಲೋಹದ ವಸ್ತುವನ್ನು ಜಾಗ್ರತೆಯಾಗಿ ನೆಲದ ಮೇಲಿಟ್ಟ ಹಾಗೆ ಒಂದು ಸಣ್ಣ ಶಬ್ದ. ಬಲಕ್ಕೆ ಚಾಪೆಯ ಎಸಳುಗಳು ಭಾರ ಬಿದ್ದಾಗ ಆಗುವಂತೆ ಚರಚರ ಎಂದವು. ಮತ್ತೆ ಒಂದು ಉಸಿರು. ನನ್ನದಲ್ಲ. ಅಕ್ಕನದಲ್ಲ. ದೀರ್ಘವಾದ, ನಡುಗುವ, ಕೊನೆಗೊಮ್ಮೆ ಪೂರ್ತಿ ಹೊರಬಿಟ್ಟ ಉಸಿರು. ಅದರ ಬಿಸಿ ನನ್ನ ಕೆನ್ನೆಗೆ ತಾಗಿತು. ಎಲೆಯ ವಾಸನೆ. ತಿರುಗಿ ನೋಡಲಿಲ್ಲ. ಮಲಗಿದವರ ಮುಖವನ್ನು ಯಾಕೆ ನೋಡಬೇಕು... ನಾನೂ ನಿದ್ದೆ ಹೋದೆ.

ಎಚ್ಚರವಾದಾಗ ಮೂರು ಗಂಟೆ ಕಳೆದಿತ್ತು. ಅಕ್ಕ ಬೆವತು ಜ್ವರ ಬಿಟ್ಟು ಎದ್ದು ಕುಳಿತಿದ್ದರು. ಅವರು ನೋಡುತ್ತಿದ್ದದ್ದು ಆಚೆಯ ಚಾಪೆಯನ್ನು. ದಿಂಬಿನ ನಡುವೆ ತಲೆ ಇಟ್ಟಷ್ಟೇ ಅಗಲದ ಒಂದು ತಗ್ಗಿತ್ತು.

"ಮಲಗಿದಳು," ಎಂದರು ಅಕ್ಕ. ಅತ್ತರು ಎನ್ನಲಾರೆ. ಮುಖ ಒದ್ದೆಯಾಗಿತ್ತು, ಬೆವರೂ ಇದ್ದೀತು. ದಿಂಬನ್ನು ಅವರು ತಟ್ಟಿ ಸರಿ ಮಾಡಲಿಲ್ಲ, ಚಾಪೆಯನ್ನು ಆ ದಿನ ಮಡಚಲೂ ಇಲ್ಲ.

ಕತ್ತರಿ ಮತ್ತೆ ಕೇಳಲಿಲ್ಲ. ಆದರೂ ಅಕ್ಕ ಎರಡು ಚಾಪೆ ಹಾಸುವುದನ್ನು ಬಿಡಲಿಲ್ಲ. ಇನ್ನೂ ಯಾಕೆ ಎಂದು ಸ್ಲೇಟಿನಲ್ಲಿ ಬರೆದೆ. "ಮಲಗಿದವರ ಹಾಸಿಗೆ ಎಳೆಯಬಾರದಲ್ವಾ?" ಎಂದರು.

ತಿಂಗಳು ತುಂಬಿದ ದಿನ ಡಾಕ್ಟರು ನೋಡಿ, ಗಂಟು ಕರಗಿದೆ, ಮೆಲ್ಲಗೆ ಶುರು ಮಾಡಿ ಎಂದರು. ಮನೆಗೆ ಬಂದು ಅವರ ಬಾಗಿಲಲ್ಲಿ ನಿಂತು "ಅಕ್ಕ" ಎಂದೆ. ಸ್ವರ ಒರಟಾಗಿತ್ತು, ನನ್ನದಲ್ಲದ ಹಾಗಿತ್ತು. ಅಕ್ಕ ಹೂ ಕಟ್ಟುತ್ತಿದ್ದವರು ತಲೆ ಎತ್ತಿ, ಕೈಯಲ್ಲಿದ್ದ ನೂಲನ್ನು ಕೆಳಗಿಟ್ಟು, ಕೇಳಿಸಿಕೊಂಡರು. "ಇವತ್ತಿಗೆ ಅಷ್ಟು ಸಾಕು, ಟೀಚರೇ."

ಹೆಡ್ಮಾಸ್ಟರು ನನ್ನ ಹತ್ತನೆಯ ತರಗತಿಯನ್ನು ಬೇರೆಯವರಿಗೆ ಕೊಟ್ಟಿದ್ದರು. ಜೂನ್‌ನಲ್ಲಿ ನನ್ನನ್ನು ಕರೆಯಲಿಲ್ಲ. ಸ್ವರ ಇತ್ತು, ಹಾಗಾಗಿ ಮೂಡುಬಿದಿರೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಬಂದೆ, ಮದುವೆಯಾಯಿತು, ಮಗಳು ಹುಟ್ಟಿದಳು. ಕಲಿತದ್ದನ್ನು ಎಷ್ಟು ಬೇಗ ಮರೆತೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ. ಅಕ್ಕ ಆಗಾಗ ಫೋನು ಮಾಡುತ್ತಿದ್ದರು, ಯಾವಾಗಲೂ ಎರಡು ಗಂಟೆಯ ಮೇಲೆ, ತಾವು ಎದ್ದ ಮೇಲೆ. ಒಂದೇ ಪ್ರಶ್ನೆ: "ಮಲಗಿದ್ರಾ?" ಮೊದಮೊದಲು ಸತ್ಯ ಹೇಳುತ್ತಿದ್ದೆ. ಆಮೇಲೆ ಒಂದು ದಿನ, ಸ್ಟಾಫ್‌ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಲೇ, ಫೋನನ್ನು ಭುಜಕ್ಕೆ ಒತ್ತಿಕೊಂಡು ಹೇಳಿದೆ: "ಹೌದು ಅಕ್ಕ. ದಿನಾ ಮಲಗ್ತೇನೆ."

ಆ ಕಡೆ ಅಕ್ಕ ಕಿವಿಗೊಟ್ಟ ಹಾಗಿತ್ತು.

"ಕತ್ತರಿ ಕೇಳ್ತಾ ಉಂಟು, ಟೀಚರೇ," ಎಂದರು.

ಅವರು ಫೋನು ಇಟ್ಟರು. ಮತ್ತೆ ಮಾಡಲಿಲ್ಲ. ನಾನೂ ಮಾಡಲಿಲ್ಲ. ಈ ವಾರ ಪರೀಕ್ಷೆ, ಮುಂದಿನ ವಾರ ಮಗಳಿಗೆ ಜ್ವರ, ರಜೆಯಲ್ಲಿ ಖಂಡಿತ ಹೋಗುವ ಎಂದುಕೊಳ್ಳುತ್ತ ವರ್ಷಗಳು ಹೋದವು.

ಆ ಬಸ್ಸಿನ ದಿನದ ಮರುಭಾನುವಾರ ನರಿಕೊಂಬಿಗೆ ಹೋದೆ. ಹಂಚಿನ ಮನೆ ಇಲ್ಲ. ಅಲ್ಲಿ ಯಾರೋ ಕಟ್ಟಿಸಿದ ತಾರಸಿ ಮನೆ, ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ್ದರು. ತಿರುವಿನ ಅಂಗಡಿಯ ಹೆಂಗಸು ನನ್ನನ್ನು ಗುರುತಿಸಿದರು. ಅಕ್ಕ ಹೋಗಿ ಎರಡು ವರ್ಷವಾಯಿತು ಎಂದರು. ಊರವರು ನನಗೆ ತಿಳಿಸಬೇಕೆಂದಿದ್ದರಂತೆ, ನಂಬರು ಯಾರ ಹತ್ತಿರವೂ ಇರಲಿಲ್ಲವಂತೆ.

"ಮಧ್ಯಾಹ್ನ ಮಲಗಿದವರು. ಆ ಹೊತ್ತಿಗೆ ಅವರನ್ನು ಯಾರೂ ಎಬ್ಬಿಸುವ ಕ್ರಮ ಇಲ್ಲ ಅಲ್ವಾ? ಸಂಜೆ ಮಲ್ಲಿಗೆಯವನು ಬಂದು ಕರೆದಾಗಲೇ ಗೊತ್ತಾದದ್ದು. ನಿದ್ದೆಯ ಹಾಗೆಯೇ ಇದ್ದರು. ಪಾಪ, ಯಾರಿಗೋ ಅಂತ ಇನ್ನೂ ಎರಡು ಚಾಪೆ ಹಾಸಿಟ್ಟಿದ್ದರು."

"ಇನ್ನೂ ಎರಡಾ?" ಎಂದು ಕೇಳಿದೆ.

"ಹೌದು. ಆಚೆ ಒಂದು, ಈಚೆ ಒಂದು."

ಅಂಗಡಿಯ ಬೆಂಚಿನ ಮೇಲೆ ನಾನು ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ಆ ಹೆಂಗಸು ಒಂದು ಲೋಟ ನೀರು ತಂದಿಟ್ಟು ಒಳಗೆ ಹೋದರು.

ಈಗ ಭಾನುವಾರ ಮಧ್ಯಾಹ್ನ ನಾನು ಮಲಗುತ್ತೇನೆ. ಹೋದ ವಾರ ಮಗಳು ಬಂದು ಬಾಗಿಲಲ್ಲಿ ನಿಂತಳು. ಅವಳಿಗೆ ಒಂಬತ್ತು ವರ್ಷ. ನಾನು ಹಗಲಲ್ಲಿ ಮಲಗಿದ್ದನ್ನು ಅವಳು ಹೆಚ್ಚು ಕಂಡವಳಲ್ಲ.

"ಅಮ್ಮ, ಹುಷಾರಿಲ್ವಾ?"

"ಹುಷಾರಿದ್ದೇನೆ ಮಗಾ. ಸುಮ್ಮನೆ ಮಲಗಿದ್ದೇನೆ."

ಈ ಮಾತನ್ನು ಅಕ್ಕನಿಗೆ ಹೇಳಬೇಕಾಗಿತ್ತು, ನಿಜವಾಗಿ ಹೇಳಬೇಕಾಗಿತ್ತು. ಮಗಳು ಸ್ವಲ್ಪ ಹೊತ್ತು ನೋಡಿ, ಆಟಕ್ಕೆ ಹೋದಳು. ಮನೆ ಸದ್ದಡಗಿತು. ನಾನು ಕಿವಿಗೊಟ್ಟು ಕೇಳಿದೆ, ಬಹಳ ಹೊತ್ತು ಕೇಳಿದೆ. ಹೆದರಿಕೆ ಇರಲಿಲ್ಲ, ಏನಾದರೂ ಕೇಳಲಿ ಎಂಬ ಆಸೆಯೇ ಇತ್ತು. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ.